ಮೋಟರ್ ಸುಡುತ್ತೆ, ಕಾರ್ಡ್ ಸುಡಲ್ಲ: ಅಂಡರ್‌ವೋಲ್ಟ್ ಬಗ್ಗೆ ಹುಬ್ಬಳ್ಳಿಯಲ್ಲಿ ಮಾತಾಡಿದ್ದು

ಹೋದ ಭಾನುವಾರ ಸಂಜೆ ವಿದ್ಯಾನಗರದ ಒಂದು ಸಣ್ಣ ಹಾಲ್‌ನಲ್ಲಿ ಮೂವತ್ತು ನಲವತ್ತು ಜನರ ಮುಂದೆ ಒಂದು ತಾಸು ಮಾತಾಡಿದೆ. ವಿಷಯ ಅಂಡರ್‌ವೋಲ್ಟ್: ಕಂಪ್ಯೂಟರಿನಲ್ಲಿ ಗೇಮ್, ವಿಡಿಯೋದ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡ್ ಇರುತ್ತದಲ್ಲ, ಅದರ ಚಿಪ್ಪಿಗೆ ಹೋಗುವ ವೋಲ್ಟೇಜನ್ನು ನಾವೇ ಸ್ವಲ್ಪ ಇಳಿಸುವುದು. ಇಂಜಿನಿಯರಿಂಗ್ ಹುಡುಗರೇ ಜಾಸ್ತಿ. ಗದಗಿನಿಂದ ಮದುವೆ ವಿಡಿಯೋ ಎಡಿಟ್ ಮಾಡುವ ಇಬ್ಬರು ಬಂದಿದ್ದರು. ಗೋಕುಲ ರೋಡಿನ ಕಡೆ ಗೇಮಿಂಗ್ ಸೆಂಟರ್ ಇಟ್ಟವರೊಬ್ಬರು ಇದ್ದರು. ಮಗನ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತ ಯಜಮಾನರೊಬ್ಬರೂ ಇದ್ದರು. ಮಾತಾಡಿದ್ದನ್ನು ಬರೆದು ಕೊಡಿ ಎಂದು ಆಮೇಲೆ ಕೆಲವರು ಕೇಳಿದರು. ನೆನಪಿದ್ದಷ್ಟು ಬರೆದಿದ್ದೇನೆ, ಅಲ್ಲಿ ಹೇಳಲು ಮರೆತದ್ದನ್ನು ಸೇರಿಸಿದ್ದೇನೆ, ಎರಡು ಕೆಟ್ಟ ಜೋಕ್ ತೆಗೆದಿದ್ದೇನೆ.

ಶುರು ಮಾಡಿ ಐದು ನಿಮಿಷ ಆಗಿರಲಿಲ್ಲ, ಯಜಮಾನರು ಕೈ ಎತ್ತಿದರು. “ಸರ, ನಮ್ಮ ಹೊಲದಾಗ ವೋಲ್ಟೇಜ್ ಕಡಿಮಿ ಬಂದ್ರ ಮೋಟರ್ ಸುಡತೈತ್ರಿ. ನೀವು ನೋಡಿದ್ರ ಕೈಯಾರೆ ಕಡಿಮಿ ಮಾಡ್ರಿ ಅಂತೀರಿ. ಇವನ ಕಾರ್ಡಿಗೆ ಇಪ್ಪತ್ತೈದು ಸಾವಿರ ಕೊಟ್ಟೇನ್ರಿ ನಾನು.”

ಹುಡುಗರು ನಕ್ಕರು. ಆದರೆ ಅವತ್ತಿನ ಒಳ್ಳೆಯ ಪ್ರಶ್ನೆ ಅದೇ. ನಾನು ಮಾಡಿಕೊಂಡು ಹೋಗಿದ್ದ ಸ್ಲೈಡ್‌ಗಳನ್ನು ಬಿಟ್ಟು ಅಲ್ಲಿಂದಲೇ ಹಿಡಿದೆ.

ಪಂಪ್‌ಸೆಟ್ ಮೋಟರಿಗೆ ಎತ್ತಬೇಕಾದ ನೀರು ಅಷ್ಟೇ ಇರುತ್ತದೆ. ವೋಲ್ಟೇಜ್ ಇಳಿದರೆ ಅದು ಸುಮ್ನೆ ಕೂರುವುದಿಲ್ಲ, ಅದೇ ಕೆಲಸ ಮುಗಿಸಲು ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಏರಿದ ಹಾಗೆ ವೈಂಡಿಂಗ್ ಕಾಯುತ್ತದೆ, ಒಂದಿನ ಸುಟ್ಟ ವಾಸನೆ ಬರುತ್ತದೆ, ಮೋಟರ್ ರಿವೈಂಡಿಂಗ್ ಅಂಗಡಿ ಸೇರುತ್ತದೆ. ಚಿಪ್ ಹಾಗಲ್ಲ. ಅದರೊಳಗೆ ನೂರಾರು ಕೋಟಿ ಪುಟ್ಟ ಸ್ವಿಚ್‌ಗಳಿವೆ. ಒಂದೊಂದನ್ನೂ ಒಂದು ಕೊಡ ಅಂದುಕೊಳ್ಳಿ. ಸ್ವಿಚ್ ಆದಾಗಲೆಲ್ಲ ಕೊಡ ತುಂಬುತ್ತದೆ, ಖಾಲಿ ಆಗುತ್ತದೆ, ಸೆಕೆಂಡಿಗೆ ನೂರೆಂಬತ್ತು ಕೋಟಿ ಸಲದ ಲೆಕ್ಕದಲ್ಲಿ. ವೋಲ್ಟೇಜ್ ಅಂದರೆ ಕೊಡದಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲಬೇಕು ಅನ್ನುವುದು. ಮಟ್ಟ ಇಳಿಸಿದರೆ ತುಂಬಬೇಕಾದ ನೀರೂ ಕಡಿಮೆ, ಎತ್ತಬೇಕಾದ ಎತ್ತರವೂ ಕಡಿಮೆ. ಉಳಿತಾಯ ಎರಡು ಕಡೆ. ಅದಕ್ಕೇ ಚಿಪ್ ತಿನ್ನುವ ಪವರ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 1.05 ವೋಲ್ಟ್‌ನಿಂದ 0.9ಕ್ಕೆ ತಂದರೆ ವೋಲ್ಟೇಜ್ ಇಳಿದದ್ದು ಶೇ 14, ಸ್ವಿಚ್ ಆಗಲು ಬೇಕಾದ ಪವರ್ ಇಳಿದದ್ದು ಸುಮಾರು ಶೇ 27.

ಇನ್ನೂ ಒಂದು ಮಾತು. ಗೋಡೆಯ 230 ವೋಲ್ಟ್ ಬೇರೆ, ಇದು ಬೇರೆ. ಗೋಡೆಯಿಂದ ಬಂದದ್ದನ್ನು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನೊಳಗಿನ ಪವರ್ ಸಪ್ಲೈ ಡಬ್ಬಿ, 12 ವೋಲ್ಟ್ ಮಾಡುತ್ತದೆ, ಕಾರ್ಡ್ ಮೇಲಿರುವ ಸಣ್ಣ ಸರ್ಕ್ಯೂಟ್‌ಗಳು ಆ 12ನ್ನು ಸುಮಾರು 1 ವೋಲ್ಟ್‌ಗೆ ಇಳಿಸುತ್ತವೆ. 1 ವೋಲ್ಟ್‌ನಲ್ಲಿ ನೂರು ವಾಟ್ ತಿನ್ನುವ ಚಿಪ್ ಅಂದರೆ ಅದರೊಳಗೆ ಹರಿಯುವುದು ನೂರು ಆಂಪಿಯರ್. ಮನೆಯ ಮೇನ್ ಸ್ವಿಚ್ಚಿನ ಎಂಸಿಬಿ 32 ಆಂಪಿಯರಿಗೆ ಬೀಳುತ್ತದೆ, ಅಲ್ವಾ? ಅದರ ಮೂರು ಪಟ್ಟು, ಉಗುರಿನಷ್ಟು ಅಗಲದ ಸಿಲಿಕಾನ್‌ಗೆ. ನಾವು ಇಳಿಸುವುದು ಈ ಕೊನೆಯ 1 ವೋಲ್ಟ್ ಅನ್ನು ಮಾತ್ರ. ತುಂಬಾ ಇಳಿಸಿದರೆ ಏನಾಗುತ್ತದೆ? ಕೊಡ ತುಂಬಿದೆಯೋ ಇಲ್ಲವೋ ಎಂದು ಮುಂದಿನ ಸ್ವಿಚ್ಚಿಗೆ ಹೊತ್ತಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಲೆಕ್ಕ ತಪ್ಪುತ್ತದೆ. ಗೇಮ್ ಮುಚ್ಚಿಕೊಳ್ಳುತ್ತದೆ, ಸ್ಕ್ರೀನ್ ಕಪ್ಪಾಗಿ ವಾಪಸ್ ಬರುತ್ತದೆ, ಇಲ್ಲವೇ ಪೂರ್ತಿ ಮಷಿನ್ ರೀಸ್ಟಾರ್ಟ್ ಆಗುತ್ತದೆ. ಸುಡುವುದಿಲ್ಲ. ಸೆಟ್ಟಿಂಗ್ ತೆಗೆದರೆ ಕಾರ್ಡ್ ಮೊದಲಿದ್ದ ಹಾಗೇ.

“ಹಂಗಾರ ಕಂಪನಿಯವ್ರು ಯಾಕ ಮದ್ಲ ಇಳಿಸಿ ಕೊಡೂದಿಲ್ರಿ?” ಇದೂ ಯಜಮಾನರೇ ಕೇಳಿದ್ದು. ಆ ಹೊತ್ತಿಗೆ ಹುಡುಗರು ನಗುವುದು ಬಿಟ್ಟಿದ್ದರು.

ಶಾಲೆ ಯೂನಿಫಾರ್ಮ್ ಹೊಲಿಸುವಾಗ ಅಳತೆಗಿಂತ ಒಂದೆರಡು ಇಂಚು ದೊಡ್ಡದೇ ಹೊಲಿಸುತ್ತೇವೆ, ಹುಡುಗ ಬೆಳೆಯುತ್ತಾನೆ ಎಂದು. ರೆಡಿಮೇಡ್ ಆದರಂತೂ ತರಗತಿಯ ಅತಿ ದಪ್ಪ ಹುಡುಗನಿಗೂ ಆಗಬೇಕು. ಚಿಪ್‌ಗಳ ಕಥೆ ಅದೇ. ಒಂದೇ ಫ್ಯಾಕ್ಟರಿಯಲ್ಲಿ, ಒಂದೇ ದಿನ ಆದ ಚಿಪ್‌ಗಳು ಒಂದರ ಹಾಗೆ ಒಂದು ಇರುವುದಿಲ್ಲ. ಒಂದಕ್ಕೆ 0.875 ವೋಲ್ಟ್ ಸಾಕು, ಇನ್ನೊಂದಕ್ಕೆ ಅದೇ ವೇಗಕ್ಕೆ 0.95 ಬೇಕು. ಲಕ್ಷಗಟ್ಟಲೆ ಕಾರ್ಡ್‌ಗಳಲ್ಲಿ ಒಂದೊಂದಕ್ಕೂ ಕನಿಷ್ಠ ಎಷ್ಟು ವೋಲ್ಟ್ ಸಾಕು ಎಂದು ಕೊನೆಯವರೆಗೆ ಅಳೆಯುತ್ತಾ ಕೂರಲು ಆಗುವುದಿಲ್ಲ, ಹಾಗಾಗಿ ಅತಿ ದುರ್ಬಲ ಚಿಪ್ಪೂ, ಅತಿ ಬಿಸಿ ಕೋಣೆಯಲ್ಲೂ, ನಾಲ್ಕೈದು ವರ್ಷ ಆದಮೇಲೂ ಓಡಬೇಕು ಎಂದು ಎಲ್ಲದಕ್ಕೂ ಸ್ವಲ್ಪ ಜಾಸ್ತಿ ವೋಲ್ಟೇಜ್ ಇಟ್ಟು ಕಳಿಸುತ್ತಾರೆ. ನಿಮ್ಮ ಚಿಪ್ ದುರ್ಬಲ ಅಲ್ಲದಿದ್ದರೆ ಆ ಹೆಚ್ಚಿನ ಬಟ್ಟೆ ನಿಮಗೆ ಬಿಸಿಯಾಗಿ ಸಿಗುತ್ತದೆ. ಅಂಡರ್‌ವೋಲ್ಟ್ ಅಂದರೆ ಆ ಯೂನಿಫಾರ್ಮ್ ಅನ್ನು ಮನೆಯಲ್ಲೇ ಕೂತು ಅಳತೆಗೆ ಹೊಲಿದುಕೊಳ್ಳುವುದು, ಅಷ್ಟೇ.

ಈಗ ನನ್ನ ಕಾರ್ಡಿನ ಲೆಕ್ಕ. ನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060, ಎರಡು ಫ್ಯಾನಿನ ಅಗ್ಗದ ಮಾಡೆಲ್. ಕಂಪನಿ ಹೇಳುವ ಪವರ್ 170 ವಾಟ್. ನಾನು ಮಲಗುವ ಕೋಣೆಗೆ ಮೇಲೆ ಪತ್ರಾಸ. ಏಪ್ರಿಲ್‌ನಲ್ಲಿ ಹೊರಗೆ 37-38 ಡಿಗ್ರಿ ಇದ್ದರೆ ಒಳಗಿನದ್ದು ನಾನು ಹೇಳುವುದು ಬೇಡ. ಏನೂ ಮುಟ್ಟದೆ ಒಂದು ಭಾರೀ ಗೇಮ್ ಅರ್ಧ ತಾಸು ಓಡಿಸಿದಾಗ ಚಿಪ್ಪಿನ ವೇಗ 1890 ಮೆಗಾಹರ್ಟ್ಸ್, 1.05 ವೋಲ್ಟ್, 168 ವಾಟ್, 79 ಡಿಗ್ರಿ, ಮತ್ತು ಫ್ಯಾನ್ ಸದ್ದು ಹೇಗಿತ್ತೆಂದರೆ ಕೆಳಗಿನ ಮನೆಯಿಂದ ಅವ್ವ “ಮಿಕ್ಸಿ ಹಚ್ಚೀಯೇನೋ?” ಎಂದು ಕೂಗುತ್ತಿದ್ದಳು. 0.9 ವೋಲ್ಟ್‌ಗೆ 1845 ಮೆಗಾಹರ್ಟ್ಸ್ ಕಟ್ಟಿದ ಮೇಲೆ ಅದೇ ಗೇಮ್, ಅದೇ ಜಾಗ: 129 ವಾಟ್, 68 ಡಿಗ್ರಿ. ಫ್ರೇಮ್, ಅಂದರೆ ಕಾರ್ಡ್ ಸೆಕೆಂಡಿಗೆ ಬರೆಯುವ ಚಿತ್ರ, 72 ಇದ್ದದ್ದು 70 ಆಯಿತು. ಎರಡು ಫ್ರೇಮ್ ಹೋದದ್ದು ನನ್ನ ಕಣ್ಣಿಗಂತೂ ಕಾಣಲಿಲ್ಲ. ಸದ್ದು ಹೋದದ್ದು ಅವ್ವನಿಗೂ ಗೊತ್ತಾಯಿತು.

ಇಲ್ಲಿ ಒಬ್ಬ ಹುಡುಗ ಕ್ಯಾಲ್ಕುಲೇಟರ್ ತೆಗೆದ. “ಸರ್, ಬಿಲ್ ಎಷ್ಟು ಉಳೀತು?”

ಲೆಕ್ಕ ಮಾಡೋಣ. ಕಾರ್ಡ್ ಹತ್ತಿರ 40 ವಾಟ್ ಇಳಿದರೆ, ಎಸ್‌ಎಂಪಿಎಸ್‌ನಲ್ಲಿ ಪೋಲಾಗುವುದನ್ನೂ ಸೇರಿಸಿ ಗೋಡೆಯಲ್ಲಿ 47 ಅಂತಿಟ್ಟುಕೊಳ್ಳಿ. ದಿನಕ್ಕೆ ಮೂರು ತಾಸು ಆಡಿದರೆ ತಿಂಗಳಿಗೆ ನಾಲ್ಕು ಯೂನಿಟ್ ಚಿಲ್ಲರೆ. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ಮೂವತ್ತು ರೂಪಾಯಿ. ಒಂದು ಪ್ಲೇಟ್ ಗಿರಮಿಟ್, ಮಿರ್ಚಿ ಸೇರಿಸಿದರೆ ಸಾಲದು. ಗೃಹಜ್ಯೋತಿಯಲ್ಲಿ ನಿಗದಿಯಾದ ಯೂನಿಟ್ ಒಳಗೇ ಇರುವ ಮನೆಯಲ್ಲಿ ಅದೂ ಇಲ್ಲ, ನಿಮಗೆ ಬರುವ ಬಿಲ್ಲೇ ಸೊನ್ನೆ. ಹಾಂ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಬೇಸಿಗೆಯಲ್ಲಿ 198, 199 ಎಂದು ಮೀಟರ್ ನೋಡಿ ನಡುಗುವ ಮನೆ ನಿಮ್ಮದಾದರೆ ಆ ನಾಲ್ಕು ಯೂನಿಟ್‌ಗೆ ಬೆಲೆ ಇದೆ. ಇಲ್ಲದಿದ್ದರೆ ಹೆಸ್ಕಾಂ ಬಿಲ್ ಉಳಿಸಲು ಅಂಡರ್‌ವೋಲ್ಟ್ ಮಾಡುತ್ತೇನೆ ಅನ್ನುವುದು ಸುಳ್ಳು ಸಮಾಧಾನ. ಯಾರಾದರೂ “ಕರೆಂಟ್ ಬಿಲ್ ಅರ್ಧ ಆಗುತ್ತೆ” ಎಂದು ವಿಡಿಯೋ ಮಾಡಿದ್ದರೆ ನೋಡಬೇಡಿ.

ಗೇಮಿಂಗ್ ಸೆಂಟರಿನವರ ಲೆಕ್ಕ ಬೇರೆ. ಹತ್ತು ಮಷಿನ್, ದಿನಕ್ಕೆ ಹತ್ತು ತಾಸು. 47 ವಾಟ್‌ನಂತೆ ತಿಂಗಳಿಗೆ 140 ಯೂನಿಟ್. ಅದರ ಮೇಲೆ ಕಾರ್ಡ್‌ಗಳು ಉಗುಳಿದ ಬಿಸಿಯನ್ನು ಹೊರಹಾಕಲು ಎಸಿ ಬೇರೆ ಓಡುತ್ತದೆ. ಅವರು ಸುಮ್ನೆ ತಲೆ ಆಡಿಸಿ ಫೋನ್‌ನಲ್ಲಿ ಏನೋ ಬರೆದುಕೊಂಡರು. ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ಕ್ರಿಪ್ಟೋ ನಾಣ್ಯ ಗಳಿಸುವ ಮೈನಿಂಗ್‌ನವರೂ ಇದನ್ನೇ ಮಾಡುತ್ತಿದ್ದರು, ಹಗಲು ರಾತ್ರಿ ಓಡುವ ಕಾರ್ಡಿಗೆ ಒಂದೊಂದು ವಾಟ್ ಕೂಡ ದುಡ್ಡು.

ಮನೆಯಲ್ಲಿ ಆಡುವವನಿಗೆ ನನ್ನ ಪ್ರಕಾರ ಲಾಭ ಇರುವುದು ಬಿಸಿ ಮತ್ತು ಸದ್ದಿನಲ್ಲಿ. ಅದೂ ಅಗ್ಗದ ಕಾರ್ಡಿನಲ್ಲೇ ಜಾಸ್ತಿ. ಯಾಕೆ ಅಂದರೆ, ಒಂದೇ ಚಿಪ್ ಎರಡು ಬೆಲೆಗೆ ಸಿಗುತ್ತದೆ. ಮೂರ್ನಾಲ್ಕು ಸಾವಿರ ಜಾಸ್ತಿ ಕೊಟ್ಟರೆ ಮೂರು ಫ್ಯಾನ್, ಬಿಸಿ ಹೀರುವ ದಪ್ಪ ಲೋಹದ ಹೀಟ್‌ಸಿಂಕ್, ತಾಮ್ರದ ಪೈಪು. ಕಡಿಮೆ ಬೆಲೆಯದ್ದರಲ್ಲಿ ತೆಳು ಅಲ್ಯೂಮಿನಿಯಂ, ಎರಡು ಸಣ್ಣ ಫ್ಯಾನ್. ಚಿಪ್ ಅದೇ, ಬಿಸಿ ಅಷ್ಟೇ, ಹೊರಹಾಕುವ ದಾರಿ ಮಾತ್ರ ಕಿರಿದು. 170 ವಾಟ್‌ಗೆ ಏದುಸಿರು ಬಿಡುವ ಕೂಲರ್ 130 ವಾಟ್‌ಗೆ ಆರಾಮಾಗಿ ಇರುತ್ತದೆ. ಅಂದರೆ ಆ ಮೂರ್ನಾಲ್ಕು ಸಾವಿರದ ಬಹುಪಾಲು ನಿಮಗೆ ಸ್ವಲ್ಪ ತಾಳ್ಮೆಯ ಕೆಲಸದಲ್ಲಿ ಸಿಕ್ಕ ಹಾಗೆ. ದೊಡ್ಡ ಕೂಲರ್ ಇರುವ ದುಬಾರಿ ಕಾರ್ಡಿನವರಿಗೆ ಇಷ್ಟು ವ್ಯತ್ಯಾಸ ಕಾಣುವುದಿಲ್ಲ. ಇನ್ನೊಂದು, ಬಿಸಿ ಚಿಪ್ಪಿನಲ್ಲಿ ಸುಮ್ಮನೆ ಸೋರುವ ಕರೆಂಟ್ ಜಾಸ್ತಿ, ತಣ್ಣಗಾದರೆ ಆ ಸೋರಿಕೆಯೂ ಇಳಿಯುತ್ತದೆ. ನ್ವಿಡಿಯಾ ಕಾರ್ಡ್‌ಗಳು ಬಿಸಿ ಏರಿದ ಹಾಗೆ 15 ಮೆಗಾಹರ್ಟ್ಸ್‌ನ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುತ್ತವೆ, ತಣ್ಣಗಿದ್ದರೆ ಇಳಿಯುವ ಮೆಟ್ಟಿಲು ಕಡಿಮೆ. ಹಾಗಾಗಿ ಕಾಗದದ ಮೇಲೆ ಕಳೆದುಕೊಂಡ ವೇಗ ನಿಜವಾಗಿ ಅಷ್ಟು ಹೋಗಿರುವುದಿಲ್ಲ.

ಯುಪಿಎಸ್ ಇದ್ದವರಿಗೆ ಮೂರನೇ ಲಾಭ ಇದೆ. ಮನೆಗಳಲ್ಲಿ ಇರುವುದು ಸಾಮಾನ್ಯವಾಗಿ 600 ವಿಎ, ಅಂದರೆ 360 ವಾಟ್. ನನ್ನ ಮಷಿನ್, ಮಾನಿಟರ್ ಸೇರಿ 300ರ ಹತ್ತಿರ ಹೋಗುತ್ತಿತ್ತು. ಕರೆಂಟ್ ಹೋದ ತಕ್ಷಣ ಯುಪಿಎಸ್ ಒಂದು ಸಲ ಕಿರುಚಿ ತಾನೂ ಹೋಗುತ್ತಿತ್ತು. ಈಗ ಗೇಮ್ ಮುಚ್ಚಿ ಶಟ್‌ಡೌನ್ ಮಾಡುವಷ್ಟು ಹೊತ್ತು ನಿಲ್ಲುತ್ತದೆ.

ಆದರೆ ಇದಕ್ಕೂ ಮೊದಲು ಒಂದು ಕೆಲಸ ಮಾಡಿ ಎಂದು ನಾನು ಅವತ್ತು ಸ್ವಲ್ಪ ಜೋರಾಗಿಯೇ ಹೇಳಿದೆ. ನಿಮ್ಮ ಮಾನಿಟರ್ ಎಷ್ಟು ಹರ್ಟ್ಸ್? ಹಾಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಕೈ 60ಕ್ಕೆ ಎದ್ದವು. ಆ ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತದೆ. ಕಾರ್ಡ್ 140 ಚಿತ್ರ ಬರೆಯುತ್ತಾ ಕೂತಿರುತ್ತದೆ. ಮನೆಯಲ್ಲಿ ಆರು ಜನ ಇದ್ದು ಹದಿನಾಲ್ಕು ಜನಕ್ಕೆ ರೊಟ್ಟಿ ಬಡಿದ ಹಾಗೆ. ಫ್ರೇಮ್ ಮಿತಿಯನ್ನು ಗೇಮಿನಲ್ಲೋ ಕಾರ್ಡ್ ಓಡಿಸುವ ಡ್ರೈವರ್ ಸಾಫ್ಟ್‌ವೇರಿನಲ್ಲೋ 60ಕ್ಕೆ ಹಾಕಿ. ಹಗುರ ಗೇಮ್‌ಗಳಲ್ಲಿ ಇದೊಂದರಿಂದಲೇ ಅಂಡರ್‌ವೋಲ್ಟ್‌ಗಿಂತ ಜಾಸ್ತಿ ವಾಟ್ ಇಳಿಯುತ್ತದೆ, ಕ್ರ್ಯಾಶ್ ಆಗುವ ಭಯವೂ ಇಲ್ಲ. ಬೆರಳಿನ ಚುರುಕೇ ಮುಖ್ಯ ಅನ್ನುವ ಶೂಟಿಂಗ್ ಗೇಮ್‌ನವರು ಒಪ್ಪುವುದಿಲ್ಲ, ಅವರದ್ದು ಅವರಿಗೆ.

ಎರಡನೆಯ ಸುಲಭ ದಾರಿ ಪವರ್ ಲಿಮಿಟ್. ಕಾರ್ಡ್ ಎಷ್ಟು ವಾಟ್ ದಾಟಬಾರದು ಅನ್ನುವ ಮಿತಿ ಅದು. ಮುಂದೆ ಹೇಳುವ ಸಾಫ್ಟ್‌ವೇರಿನಲ್ಲಿ ಒಂದೇ ಸ್ಲೈಡರ್, ಶೇ ನೂರರಿಂದ ಎಂಬತ್ತಕ್ಕೆ ಎಳೆಯಿರಿ. ಕಾರ್ಡ್ ತಾನೇ ವೇಗ, ವೋಲ್ಟೇಜ್ ಎರಡನ್ನೂ ಇಳಿಸಿಕೊಂಡು ಒಳಗೆ ಕೂರುತ್ತದೆ. ಕೊನೆಯ ನಾಲ್ಕೈದು ಫ್ರೇಮ್ ತೆಗೆಯಲು ಕಾರ್ಡ್ ಅತಿ ಹೆಚ್ಚು ಪವರ್ ತಿನ್ನುತ್ತದೆ, ಅದನ್ನು ಬಿಟ್ಟುಕೊಟ್ಟರೆ ಸಾಕು. ಅಂಡರ್‌ವೋಲ್ಟ್‌ನಷ್ಟು ಚೆಂದ ಇಲ್ಲ, ಆದರೆ ಯಾವ ವೋಲ್ಟೇಜಿಗೆ ಎಷ್ಟು ವೇಗ ಎಂದು ತೋರಿಸುವ ಗೆರೆ, ಅಂದರೆ ವೋಲ್ಟೇಜ್ ಕರ್ವ್, ಕಂಡರೆ ಹೆದರುವವರಿಗೆ ನಾನು ಇದನ್ನೇ ಹೇಳುವುದು. ಲಿನಕ್ಸ್‌ನಲ್ಲಿ ನ್ವಿಡಿಯಾ ಇಟ್ಟುಕೊಂಡವರಿಗೂ ಇದೇ ನೇರ ದಾರಿ.

ಅಷ್ಟರ ಮೇಲೂ ಮಾಡುತ್ತೇನೆ ಅನ್ನುವವರಿಗೆ. ಎಎಂಡಿ ಕಂಪನಿಯ ಕಾರ್ಡ್ ಆದರೆ ಅದರ ಅಡ್ರಿನಲಿನ್ ಸಾಫ್ಟ್‌ವೇರಿನಲ್ಲೇ ಟ್ಯೂನಿಂಗ್ ಪುಟ ಇದೆ, ವೋಲ್ಟೇಜ್ ಸ್ಲೈಡರ್ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗಿ. ನ್ವಿಡಿಯಾ ಆದರೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್. ಮೊದಲು ಏನೂ ಮುಟ್ಟದೆ ಅರ್ಧ ತಾಸು ಗೇಮ್ ಓಡಿಸಿ, ವೇಗ, ವೋಲ್ಟೇಜ್, ವಾಟ್, ಡಿಗ್ರಿ ನಾಲ್ಕನ್ನೂ ಕಾಗದದಲ್ಲಿ ಬರೆದಿಡಿ. ಬರೆದಿಡದೆ ಶುರು ಮಾಡಿದವರು ಆಮೇಲೆ “ಏನೋ ತಣ್ಣಗಾದ ಹಾಗೆ ಇದೆ” ಅನ್ನುತ್ತಾರೆ, ಅದು ಲೆಕ್ಕ ಅಲ್ಲ. ನಂತರ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಕರ್ವ್ ಬರುತ್ತದೆ. ಅಡ್ಡಕ್ಕೆ ವೋಲ್ಟೇಜ್, ಉದ್ದಕ್ಕೆ ವೇಗ. ನೀವು ಬರೆದಿಟ್ಟ ವೇಗಕ್ಕಿಂತ ಸ್ವಲ್ಪ ಕಡಿಮೆ ವೇಗವನ್ನು 950 ಮಿಲಿವೋಲ್ಟ್ (0.95 ವೋಲ್ಟ್) ಚುಕ್ಕಿಗೆ ಕಟ್ಟಿ, ಅದರ ಬಲಕ್ಕಿರುವ ಎಲ್ಲ ಚುಕ್ಕಿಗಳನ್ನೂ ಅದಕ್ಕಿಂತ ಕೆಳಗೆ ಎಳೆದು ಅಪ್ಲೈ ಒತ್ತಿ. ಗೆರೆ ಅಲ್ಲಿಂದ ಮುಂದೆ ಮಾಳಿಗೆಯ ಹಾಗೆ ಮಟ್ಟಸ ಆಗುತ್ತದೆ. ಕಾರ್ಡ್ ಇನ್ನು ಆ ವೋಲ್ಟೇಜ್ ದಾಟುವುದಿಲ್ಲ. ಒಂದೆರಡು ದಿನ ಸರಿ ಇದ್ದರೆ 925, ಆಮೇಲೆ 900. ಕ್ರ್ಯಾಶ್ ಆದ ಕಡೆಯಿಂದ 25 ಮಿಲಿವೋಲ್ಟ್ ಮೇಲಕ್ಕೆ ಬಂದು ನಿಲ್ಲಿ.

ಇಲ್ಲಿ ನನ್ನದೊಂದು ಮೂರ್ಖತನ ಹೇಳಲೇಬೇಕು. 900 ಚೆನ್ನಾಗಿ ಓಡಿತಲ್ಲ, ದುರಾಸೆಗೆ ಅದೇ ವೇಗವನ್ನು 850ಕ್ಕೆ ಕಟ್ಟಿದೆ. ಕಾರ್ಡಿಗೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ ಎಂಬ ಪ್ರೋಗ್ರಾಂ ಒಂದು ತಾಸು ಓಡಿಸಿದೆ. ಏನೂ ಆಗಲಿಲ್ಲ. ಗೆಳೆಯರಿಗೆಲ್ಲ ಸ್ಕ್ರೀನ್‌ಶಾಟ್ ಕಳಿಸಿದೆ. ಆಫ್ಟರ್‌ಬರ್ನರ್‌ನಲ್ಲಿ ವಿಂಡೋಸ್ ಜೊತೆಗೇ ಶುರುವಾಗಲಿ ಎಂದು ಟಿಕ್ ಕೂಡ ಹಾಕಿದೆ. ಮೂರನೇ ದಿನ ಅಕ್ಕನ ಮಗ ರಜೆಗೆ ಬಂದು ಆಡುತ್ತಿದ್ದ. ಎರಡು ತಾಸಿನ ಆಟ, ಕೊನೆಯ ಘಟ್ಟ, ಸ್ಕ್ರೀನ್ ಕಪ್ಪು. “ಮಾಮಾ, ನಿನ್ನ ಕಂಪ್ಯೂಟರ್ ಡಬ್ಬಾ ಐತಿ” ಎಂದ. ತಪ್ಪು ಕಂಪ್ಯೂಟರಿನದ್ದಲ್ಲ. ಫರ್‌ಮಾರ್ಕ್ ಕಾರ್ಡನ್ನು ಪವರ್ ಲಿಮಿಟ್‌ಗೇ ಗುದ್ದಿ ನಿಲ್ಲಿಸುತ್ತದೆ, ಹಾಗಾಗಿ ವೇಗ ಕೆಳಗೇ ಇರುತ್ತದೆ, ನಾನು ಕಟ್ಟಿದ ತುದಿಯ ಚುಕ್ಕಿಗೆ ಕಾರ್ಡ್ ಹೋಗಿಯೇ ಇರಲಿಲ್ಲ. ಪರೀಕ್ಷೆ ಮಾಡಿದ್ದು ಒಂದನ್ನು, ಓಡಿಸಿದ್ದು ಇನ್ನೊಂದನ್ನು. ನಿಮ್ಮ ಭಾರೀ ಗೇಮ್, ಹಗುರ ಗೇಮ್ ಎರಡನ್ನೂ ದಿನಗಟ್ಟಲೆ ಆಡುವುದೇ ನಿಜವಾದ ಪರೀಕ್ಷೆ. ರೇ ಟ್ರೇಸಿಂಗ್, ಅಂದರೆ ಬೆಳಕಿನ ಕಿರಣಗಳನ್ನೇ ಲೆಕ್ಕ ಹಾಕಿ ಚಿತ್ರ ಬರೆಯುವುದು, ಇರುವ ಗೇಮ್ ಇದ್ದರೆ ಅದನ್ನೂ ಓಡಿಸಿ, ಎಷ್ಟೋ ಸಲ ಮೊದಲು ಬೀಳುವುದು ಅಲ್ಲೇ. ಒಂದು ವಾರ ನಿಂತ ಮೇಲೆ ಆ ಟಿಕ್ ಹಾಕಿ.

ಎಎಂಡಿಯವರಿಗೆ ನಮ್ಮ ಕಡೆಯ ಒಂದು ತಲೆನೋವು ಇದೆ. ಮಷಿನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತರೆ ಅಡ್ರಿನಲಿನ್ ಅದನ್ನು ಕ್ರ್ಯಾಶ್ ಎಂದುಕೊಂಡು ಟ್ಯೂನಿಂಗ್ ಅನ್ನು ಮೊದಲಿನಂತೆ ಮಾಡಿಬಿಡಬಹುದು. ಕರೆಂಟ್ ಹೋಗಿ ಬಂದಾಗಲೂ ಅಷ್ಟೇ. ಮಳೆಗಾಲದಲ್ಲಿ ಧಾರವಾಡದ ಗೆಳೆಯನೊಬ್ಬ ದಿನಾ ಸಂಜೆ ಸೆಟ್ಟಿಂಗ್ ಹಾಕುವುದನ್ನೇ ಒಂದು ಆಟ ಮಾಡಿಕೊಂಡಿದ್ದ. ಪ್ರೊಫೈಲ್ ಅನ್ನು ಫೈಲ್ ಮಾಡಿ ಉಳಿಸಿಟ್ಟುಕೊಳ್ಳಿ, ಲೋಡ್ ಮಾಡಲು ಹತ್ತು ಸೆಕೆಂಡು.

ಗದಗಿನ ಎಡಿಟರ್ ಅಣ್ಣಂದಿರಿಗೆ ಹೇಳಿದ್ದು ಬೇರೆ. ಗೇಮ್ ಬಿದ್ದರೆ ಮತ್ತೆ ಆಡಬಹುದು. ರಾತ್ರಿ ರೆಂಡರ್‌ಗೆ, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಮಾಡಲು, ಹಚ್ಚಿ ಮಲಗಿ ಬೆಳಿಗ್ಗೆ ಎದ್ದಾಗ ಶೇ 60ಕ್ಕೆ ನಿಂತಿದ್ದರೆ ಬೀಗರಿಗೆ ಏನು ಹೇಳುತ್ತೀರಿ? ದುಡಿಯುವ ಕಾರ್ಡಿಗೆ ನಿಂತ ಜಾಗದಿಂದ ಇನ್ನೂ 25 ಮಿಲಿವೋಲ್ಟ್ ಜಾಸ್ತಿ ಬಿಡಿ, ಇಲ್ಲವೇ ಪವರ್ ಲಿಮಿಟ್ ಸಾಕು. ಸೀಸನ್‌ನಲ್ಲಂತೂ ಏನೂ ಮುಟ್ಟಬೇಡಿ.

ಜಿಟಿಎಕ್ಸ್ 1650 ಇಟ್ಟುಕೊಂಡ ಹುಡುಗ “ನಾನೂ ಮಾಡ್ಲಾ?” ಎಂದ. ಅದು ಒಟ್ಟು ತಿನ್ನುವುದೇ 75 ವಾಟ್, ಬಹಳಷ್ಟು ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ ಕೂಡ ಇರುವುದಿಲ್ಲ. ಉಳಿಯುವ ಹತ್ತು ಹದಿನೈದು ವಾಟ್‌ಗೆ ವಾರಗಟ್ಟಲೆ ಪರೀಕ್ಷೆ ಬೇಡ, ಓದಿಕೋ ತಮ್ಮಾ ಎಂದೆ. ಅದೇ ಚಿಪ್ ಲ್ಯಾಪ್‌ಟಾಪಿನಲ್ಲಿ ಇದ್ದರೆ ಮಾತು ಬೇರೆ. ಅಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಸಾಮಾನ್ಯವಾಗಿ ಒಂದೇ ತಾಮ್ರದ ಪೈಪಿಗೆ ಬಿಸಿ ಸುರಿಯುತ್ತವೆ, ಒಂದು ತಣ್ಣಗಾದರೆ ಇನ್ನೊಂದಕ್ಕೂ ಉಸಿರು.

ಕೊನೆಗೆ ಒಬ್ಬ ತನ್ನ ಕಾರ್ಡನ್ನೇ ಚೀಲದಲ್ಲಿ ತಂದಿದ್ದ. ಹಳೇ ಆರ್‌ಎಕ್ಸ್ 580, 185 ವಾಟಿನದ್ದು, ಸೆಕೆಂಡ್ ಹ್ಯಾಂಡ್. ಮಾರಿದವರು ಆಫೀಸ್ ಬಳಕೆಯದ್ದು ಎಂದಿದ್ದರಂತೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಇಂಥ ಕಾರ್ಡ್‌ಗಳು ರಾಶಿ ಬಿದ್ದವು, ಎಷ್ಟೋ ಕಾರ್ಡ್‌ಗಳ ಬಯೋಸ್, ಅಂದರೆ ಕಾರ್ಡಿನೊಳಗೇ ಇರುವ ಮೂಲ ಸಾಫ್ಟ್‌ವೇರ್ ಅನ್ನೇ ಮೈನಿಂಗ್‌ಗೆ ಬೇಕಾದಂತೆ ಬದಲಿಸಿರುತ್ತಾರೆ. ಇವನದ್ದು 88 ಡಿಗ್ರಿ ಹೋಗುತ್ತಿತ್ತು. ಅಂಡರ್‌ವೋಲ್ಟ್ ಎಷ್ಟಕ್ಕೆ ಮಾಡಲಿ ಎಂದು ಕೇಳಿದ. ಕಾರ್ಡನ್ನು ಬೆಳಕಿಗೆ ಹಿಡಿದೆ. ಹೀಟ್‌ಸಿಂಕ್ ಸಂದುಗಳಲ್ಲಿ ಹುಬ್ಬಳ್ಳಿಯ ಕೆಂಧೂಳು ಕಂಬಳಿ ಹೊದ್ದ ಹಾಗೆ ಕೂತಿತ್ತು, ಇನ್ನೊಂದು ಬದಿಯ ಬೆಳಕು ಕಾಣುತ್ತಲೇ ಇರಲಿಲ್ಲ. ವೋಲ್ಟೇಜ್ ಆಮೇಲೆ ನೋಡೋಣ, ಮೊದಲು ಫ್ಯಾನ್ ಕೈಯಲ್ಲಿ ಹಿಡಿದು ಬ್ಲೋವರ್ ಹೊಡೆ, ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸು, ಬಯೋಸ್ ಕಂಪನಿಯದ್ದೇ ಇದೆಯಾ ನೋಡು ಎಂದು ಕಳಿಸಿದೆ. ಮೊನ್ನೆ ಫೋನ್ ಮಾಡಿದ್ದ. ಧೂಳು ತೆಗೆದು ಪೇಸ್ಟ್ ಹಾಕಿದ್ದಕ್ಕೇ 74ಕ್ಕೆ ಬಂದಿದೆಯಂತೆ. “ಸರ್, ಇನ್ನ ವೋಲ್ಟೇಜ್ ಇಳಿಸ್ಲ್ಯಾ, ಬ್ಯಾಡ?” ಎಂದ. ಬಯೋಸ್ ನೋಡಿದೆಯಾ ಎಂದು ಕೇಳಿದೆ. ಇನ್ನೂ ನೋಡಿಲ್ಲವಂತೆ.